ಕುತ್ತಿಗೆಯ ರಕ್ತನಾಳ ಕಿರಿದಾಗಿದೆ: ಆಪರೇಷನ್ನಾ, ಸ್ಟೆಂಟಾ, ಮಾತ್ರೆ ಸಾಕಾ?

ಕೇಳಿದವರು:

ಅಪ್ಪನಿಗೆ 72 ವರ್ಷ. ಬಿಪಿ, ಶುಗರ್ ಎರಡೂ ಇವೆ. ಮಾಮೂಲಿ ತಪಾಸಣೆಗೆ ಹೋದಾಗ ಡಾಕ್ಟರ್ ಕುತ್ತಿಗೆಗೆ ಸ್ಟೆತಸ್ಕೋಪ್ ಇಟ್ಟು ಏನೋ ಸದ್ದು ಕೇಳ್ತಿದೆ ಅಂದರು. ಡಾಪ್ಲರ್, ಅಂದರೆ ರಕ್ತದ ಹರಿವು ನೋಡುವ ಸ್ಕ್ಯಾನ್, ಮಾಡಿಸಿದೆವು. ಬಲಗಡೆ ಕ್ಯಾರೋಟಿಡ್ (ಕುತ್ತಿಗೆಯಿಂದ ಮೆದುಳಿಗೆ ರಕ್ತ ಒಯ್ಯುವ) ರಕ್ತನಾಳ ಶೇ. 70ಕ್ಕಿಂತ ಜಾಸ್ತಿ ಕಿರಿದಾಗಿದೆ, ಎಡಗಡೆ ಶೇ. 50ಕ್ಕಿಂತ ಕಡಿಮೆ ಎಂದು ರಿಪೋರ್ಟ್ ಬಂದಿದೆ. ಅಪ್ಪ ಆರಾಮಾಗಿದ್ದಾರೆ. ಲಕ್ವ ಹೊಡೆದಿಲ್ಲ, ಮಾತು ತೊದಲಿಲ್ಲ, ಕೈಕಾಲು ಸೋತಿಲ್ಲ.

ಒಬ್ಬ ಡಾಕ್ಟರ್ ಸ್ಟೆಂಟ್ (ನಾಳವನ್ನು ಒಳಗಿನಿಂದ ಅಗಲಿಸಿ ಹಿಡಿಯುವ ಜಾಲರಿ ಕೊಳವೆ) ಹಾಕಿಸಿಬಿಡಿ ಅಂದರು. ಇನ್ನೊಬ್ಬರು ನಾಳ ಕೊಯ್ದು ಒಳಗಿನ ಕೊಬ್ಬು ತೆಗೆಯುವ ಆಪರೇಷನ್ನೇ ಗಟ್ಟಿ ಅಂದರು. ಮೂರನೆಯವರು ಮಾತ್ರೆ ತಗೊಳ್ಳಿ, ಆರು ತಿಂಗಳು ಬಿಟ್ಟು ಬನ್ನಿ ಅಂದರು. ಮೂವರೂ ಅನುಭವಿಗಳೇ. ಖರ್ಚು ನೋಡಿದರೆ ಮೂರಕ್ಕೂ ಅಜಗಜಾಂತರ. ದುಡ್ಡು ಜಾಸ್ತಿ ಹಾಕಿದರೆ ರಕ್ಷಣೆಯೂ ಜಾಸ್ತಿ ಸಿಗುತ್ತಾ? ಮನೆಯಲ್ಲಿ ಯಾರಿಗಾದರೂ ಆಗಿದ್ದರೆ ದಯವಿಟ್ಟು ಹೇಳಿ.

ಅಮ್ಮನಿಗೆ ಆಪರೇಷನ್ ಮಾಡಿಸಿದವರು:

ನಿಮ್ಮ ಅಪ್ಪನಿಗೆ ಇದುವರೆಗೆ ಯಾವ ಲಕ್ಷಣವೂ ಇಲ್ಲ ಅಂದಿರಿ. ಇಡೀ ಲೆಕ್ಕ ನಿಂತಿರುವುದೇ ಆ ಒಂದು ಮಾತಿನ ಮೇಲೆ. ಶೇ. 70 ಅಂತ ರಿಪೋರ್ಟಿನಲ್ಲಿ ನೋಡಿದರೆ ಎದೆ ಧಸಕ್ ಅನ್ನುತ್ತೆ, ನಿಜ. ಆದರೆ ಅದೇ ಶೇ. 70 ಲಕ್ಷಣ ಕಾಣಿಸಿಕೊಂಡವರಲ್ಲಿ ಒಂದು ಥರ, ಕಾಣಿಸದವರಲ್ಲಿ ಪೂರಾ ಬೇರೆ ಥರ.

ನಮ್ಮ ಅಮ್ಮ ಮೊದಲನೇ ಗುಂಪು. ಓದುತ್ತಾ ಕೂತಿದ್ದಾಗ ಎಡಗಣ್ಣಿಗೆ ಮೇಲಿಂದ ಕೆಳಕ್ಕೆ ಪರದೆ ಇಳಿದ ಹಾಗೆ ಕತ್ತಲಾಯಿತು. ಕೆಲವೇ ನಿಮಿಷ, ಆಮೇಲೆ ಎಲ್ಲ ಮೊದಲಿನಂತೆ. ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಅವರು ಕಣ್ಣು ನೋಡಿ, ತೊಂದರೆ ಕಣ್ಣಿನದಲ್ಲ, ಕುತ್ತಿಗೆಯ ಡಾಪ್ಲರ್ ಇವತ್ತೇ ಆಗಬೇಕು ಅಂದರು. ಆ ಪುಣ್ಯಾತ್ಮರನ್ನು ನಾವು ಇವತ್ತಿಗೂ ನೆನೆಯುತ್ತೇವೆ. ಕ್ಯಾರೋಟಿಡ್ ನಾಳದ ಒಳಗೆ ಕಟ್ಟಿಕೊಂಡ ಕೊಬ್ಬಿನ ಪದರದಿಂದ ಒಂದು ಚೂರು ಎದ್ದು ಕಣ್ಣಿನ ಸಣ್ಣ ನಾಳಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಮುಂದಿನ ಚೂರು ಮೆದುಳಿಗೇ ಹೋಗಬಹುದು. ಒಂದು ವಿಷಯ ಗೊತ್ತಿರಲಿ: ಕಣ್ಣು ಮಂಜಾದರೆ ತೊಂದರೆ ಅದೇ ಕಡೆಯ ನಾಳದ್ದು. ಕೈಕಾಲು ಸೋತರೆ ಎದುರು ಕಡೆಯದ್ದು. ಅಂದರೆ ನಿಮ್ಮ ಅಪ್ಪನ ಲೆಕ್ಕದಲ್ಲಿ ಗಮನ ಇಡಬೇಕಾದ್ದು ಬಲಗಣ್ಣು, ಎಡಗೈ, ಎಡಗಾಲು, ಮುಖದ ಎಡಭಾಗ.

ಈಗ ಫಲದ ವಿಷಯ. ಅಮ್ಮನ ಸರ್ಜನ್ ನಮಗೆ ಕೂರಿಸಿಕೊಂಡು ಹೇಳಿದ್ದನ್ನೇ ಹೇಳ್ತೇನೆ, ಆಮೇಲೆ ನಾನೂ ಓದಿ ಖಾತ್ರಿ ಮಾಡಿಕೊಂಡೆ. 1991ರಲ್ಲಿ ಬಂದ ನ್ಯಾಸೆಟ್ ಅನ್ನೋ ದೊಡ್ಡ ಅಧ್ಯಯನದಲ್ಲಿ ಇದ್ದವರೆಲ್ಲ ಲಕ್ಷಣ ಕಂಡವರು, ನಾಳ ಶೇ. 70ಕ್ಕಿಂತ ಜಾಸ್ತಿ ಕಿರಿದಾದವರು. ಎರಡು ವರ್ಷದಲ್ಲಿ ಬರೀ ಮಾತ್ರೆಯಲ್ಲಿದ್ದವರಲ್ಲಿ ಶೇ. 26 ಜನಕ್ಕೆ ಅದೇ ಕಡೆಯ ಸ್ಟ್ರೋಕ್ ಆಯಿತು. ಆಪರೇಷನ್ ಆದವರಲ್ಲಿ ಶೇ. 9. ಲೆಕ್ಕ ಹಾಕಿದರೆ ಆರು ಜನಕ್ಕೆ ಆಪರೇಷನ್ ಮಾಡಿದರೆ ಒಬ್ಬರ ಸ್ಟ್ರೋಕ್ ತಪ್ಪುತ್ತೆ. ಇಷ್ಟು ದೊಡ್ಡ ಲಾಭ ಕೊಡುವ ಚಿಕಿತ್ಸೆ ಅಪರೂಪ.

ಲಕ್ಷಣ ಇಲ್ಲದವರ ಅಧ್ಯಯನ 1995ರಲ್ಲಿ ಬಂತು. ಐದು ವರ್ಷಕ್ಕೆ ಮಾತ್ರೆಯವರಲ್ಲಿ ಶೇ. 11, ಆಪರೇಷನ್ ಆದವರಲ್ಲಿ ಶೇ. 5.1. ಇಲ್ಲಿ ಒಂದು ಸ್ಟ್ರೋಕ್ ತಪ್ಪಿಸಲು ಸುಮಾರು ಹದಿನೇಳು ಜನಕ್ಕೆ ಆಪರೇಷನ್ ಆಗಬೇಕು, ಅದೂ ಎರಡಲ್ಲ, ಐದು ವರ್ಷ ಕಾಯಬೇಕು. ಜೊತೆಗೆ ಆ ಕಾಲದಲ್ಲಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಇಷ್ಟು ಬಳಕೆಗೆ ಬಂದಿರಲಿಲ್ಲ. ಈಗ ಮಾತ್ರೆಯೇ ಅಪಾಯವನ್ನು ಸಾಕಷ್ಟು ಇಳಿಸುತ್ತೆ. ಹಾಗಾಗಿ ಆಪರೇಷನ್ನಿನಿಂದ ಸಿಗುವ ಹೆಚ್ಚುವರಿ ಲಾಭ ಸಣ್ಣದಾಗುತ್ತಾ ಬಂದಿದೆ.

ಖರ್ಚು ಮತ್ತು ಫಲ ಎರಡನ್ನೂ ತೂಗಬೇಕು ಅಂದರೆ ನನ್ನ ಪ್ರಕಾರ ಇದೇ ದಾರಿ. ಒಂದು ಆಪರೇಷನ್ನಿಗೆ ಎಷ್ಟು ಅಂತ ಕೇಳಬೇಡಿ. ಒಂದು ಸ್ಟ್ರೋಕ್ ತಪ್ಪಿಸಲು ಎಷ್ಟು ಆಪರೇಷನ್ ಬೇಕು ಅಂತ ಕೇಳಿ. ಅಮ್ಮನಂಥವರಲ್ಲಿ ಆರು ಆಪರೇಷನ್ನಿನ ಖರ್ಚಿಗೆ ಒಂದು ಸ್ಟ್ರೋಕ್ ತಪ್ಪಿತು. ನಿಮ್ಮ ಅಪ್ಪನಂಥವರಲ್ಲಿ ಅದೇ ಆಪರೇಷನ್, ಅದೇ ಬಿಲ್, ಆದರೆ ಹದಿನೇಳೋ ಇನ್ನೂ ಜಾಸ್ತಿಯೋ ಆಗಬೇಕು. ಮೂವರು ಡಾಕ್ಟರ್ ಮೂರು ಥರ ಹೇಳುವುದಕ್ಕೆ ಕಾರಣವೂ ಇದೇ. ಅವರಲ್ಲಿ ಯಾರೂ ನಿಮಗೆ ಸುಳ್ಳು ಹೇಳುತ್ತಿಲ್ಲ.

ಆಪರೇಷನ್ ಹೇಗಿರುತ್ತೆ ಅಂತ ಹೇಳಿಬಿಡ್ತೇನೆ, ಯಾಕಂದ್ರೆ ಹೆಸರು ಕೇಳಿಯೇ ಎಲ್ಲರೂ ಹೆದರುತ್ತಾರೆ. ಅಮ್ಮನಿಗೆ ಪೂರ್ತಿ ಪ್ರಜ್ಞೆ ತಪ್ಪಿಸಲಿಲ್ಲ, ಕುತ್ತಿಗೆಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್. ನಾಳ ಎಡಗಡೆಯದು, ಹಾಗಾಗಿ ಬಲಗೈಗೆ ಒತ್ತಿದರೆ ಕೀಂ ಅನ್ನುವ ರಬ್ಬರ್ ಆಟಿಕೆ ಕೊಟ್ಟಿದ್ದರಂತೆ. ನಾಳಕ್ಕೆ ಕ್ಲಾಂಪ್ ಹಾಕಿದ ಮೇಲೆ ಅರಿವಳಿಕೆ ಡಾಕ್ಟರ್ ಆಗಾಗ "ಒತ್ತಿ ಅಮ್ಮ" ಅನ್ನುತ್ತಿದ್ದರು. ಸದ್ದು ಬಂದರೆ ಮೆದುಳಿಗೆ ಬೇರೆ ನಾಳಗಳಿಂದ ರಕ್ತ ಸಾಲುತ್ತಿದೆ ಅಂತ. ಕೈ ಸೋತರೆ ತಕ್ಷಣ ಒಂದು ಸಣ್ಣ ಕೊಳವೆ ಇಟ್ಟು ರಕ್ತ ಹಾಯಿಸುತ್ತಾರೆ. ಎಲ್ಲ ಕಡೆ ಹೀಗೇ ಮಾಡಲ್ಲ, ಪೂರ್ತಿ ಅರಿವಳಿಕೆ ಕೊಟ್ಟೂ ಮಾಡ್ತಾರೆ. 2008ರಲ್ಲಿ ಸುಮಾರು 3,500 ಜನರಲ್ಲಿ ಎರಡನ್ನೂ ಹೋಲಿಸಿ ನೋಡಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ತೆಗೆದ ಕೊಬ್ಬಿನ ಪದರವನ್ನು ಆಮೇಲೆ ನಮಗೆ ಸೀಸೆಯಲ್ಲಿ ತೋರಿಸಿದರು. ಹಳದಿ ಬಣ್ಣ, ನಾಳದ ಕವಲಿನ ಆಕಾರದಲ್ಲೇ ಬಂದಿತ್ತು, ಒಂದು ಕಡೆ ಸುಣ್ಣದಂತೆ ಗಟ್ಟಿ. ನಾಳ ಹೊಲಿಯುವಾಗ ಮತ್ತೆ ಕಿರಿದಾಗದಿರಲಿ ಅಂತ ಒಂದು ತೇಪೆ ಹಾಕಿದ್ದರು. ಒಂದು ರಾತ್ರಿ ಐಸಿಯು. ಅಲ್ಲಿ ಬಿಪಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ. ಎಷ್ಟೋ ಕಾಲ ಕಡಿಮೆ ರಕ್ತಕ್ಕೆ ಒಗ್ಗಿಹೋದ ಮೆದುಳಿಗೆ ಒಮ್ಮೆಲೇ ಜೋರಾಗಿ ಹರಿದರೆ ತಲೆನೋವು, ಫಿಟ್ಸ್, ರಕ್ತಸ್ರಾವ ಆಗಬಹುದು. ಮನೆಗೆ ಬಂದ ಮೇಲೂ ಜೋರು ತಲೆನೋವು ಬಂದರೆ ತಡ ಮಾಡದೆ ಬನ್ನಿ ಅಂತ ಹೇಳಿ ಕಳಿಸಿದ್ದರು. ಅಮ್ಮನಿಗೆ ದನಿ ಕೆಲವು ವಾರ ಒಡೆದಿತ್ತು, ಆಮೇಲೆ ಸರಿಹೋಯಿತು. ಎಡ ಕಿವಿಯ ಹಾಲೆ ಮಾತ್ರ ಇವತ್ತಿಗೂ ಅರ್ಧ ಜೋಮು. ಓಲೆ ಹಾಕುವಾಗ ಕನ್ನಡಿ ಬೇಕೇ ಬೇಕು.

ಖರ್ಚಿನಲ್ಲಿ ಥಿಯೇಟರ್, ಅರಿವಳಿಕೆ, ಐಸಿಯು, ತೇಪೆ, ಸರ್ಜನ್ ಫೀಸು, ಇಷ್ಟೇ. ಆಮೇಲೆ ಆಸ್ಪಿರಿನ್, ಸ್ಟ್ಯಾಟಿನ್, ಬಿಪಿ ಮಾತ್ರೆ ಜೀವನಪೂರ್ತಿ. ಇದನ್ನು ಗಮನಿಸಿ. ಆಪರೇಷನ್ ಮಾಡಿಸಿದರೂ ಸ್ಟೆಂಟ್ ಹಾಕಿಸಿದರೂ ಮಾತ್ರೆ ನಿಲ್ಲಲ್ಲ. ಹಾಗಾಗಿ ಮಾತ್ರೆಯ ಖರ್ಚನ್ನು ಆಪರೇಷನ್ನಿನ ಖರ್ಚಿನ ಎದುರಿಗೆ ಇಟ್ಟು ನೋಡುವುದೇ ಸರಿಯಲ್ಲ. ಮಾತ್ರೆ ಮೂರರಲ್ಲೂ ಇದೆ. ಉಳಿದ ಎರಡು ಅದರ ಮೇಲಿನ ಸೇರ್ಪಡೆ.

ಸ್ಟೆಂಟ್ ಹಾಕಿಸಿಕೊಂಡವರು:

ನನ್ನದು ಬೇರೆ ಕತೆ. ಗಂಟಲಿನ ಕ್ಯಾನ್ಸರಿಗೆ ಹಿಂದೆ ರೇಡಿಯೇಷನ್ ಆಗಿತ್ತು. ಕುತ್ತಿಗೆಯ ಚರ್ಮ, ಮಾಂಸ ಎಲ್ಲ ಗಟ್ಟಿಯಾಗಿದೆ. ಅಂಥ ಜಾಗ ಕೊಯ್ದು ನರ ಉಳಿಸಿಕೊಂಡು ನಾಳ ಹುಡುಕುವುದು ಕಷ್ಟ ಅಂತ ಸರ್ಜನ್ನೇ ಸ್ಟೆಂಟಿಗೆ ಕಳಿಸಿದರು. ಹಿಂದೆ ಅದೇ ಜಾಗದಲ್ಲಿ ಆಪರೇಷನ್ ಆದವರಿಗೆ, ಹೃದಯ ತೀರಾ ದುರ್ಬಲ ಇರುವವರಿಗೆ ಕೂಡ ಸ್ಟೆಂಟೇ ಒಳ್ಳೆಯದು ಅಂತ ಹೇಳ್ತಾರೆ.

ತೊಡೆಯ ಸಂದಿನಿಂದ ತಂತಿ ಬಿಟ್ಟು ಮೇಲಕ್ಕೆ ಹೋಗ್ತಾರೆ. ನೋವು ಅಂಥದ್ದೇನಿಲ್ಲ. ಕಿರಿದಾದ ಜಾಗದಿಂದ ಆಚೆ ಒಂದು ಸಣ್ಣ ಫಿಲ್ಟರ್ ಬಿಚ್ಚಿ ಇಡ್ತಾರೆ, ಚೂರು ಎದ್ದರೆ ಅದರಲ್ಲಿ ಸಿಗಲಿ ಅಂತ. ಬಲೂನ್ ಉಬ್ಬಿಸಿದ ಕ್ಷಣ ಮಾತ್ರ ನಾನು ಮರೆಯಲ್ಲ. ಒಮ್ಮೆಲೇ ಬೆವರು, ಕಣ್ಣು ಕತ್ತಲೆ, ಮಾನಿಟರಿನ ಸದ್ದು ನಿಧಾನವಾಯಿತು. "ಕೆಮ್ಮಿ, ಜೋರಾಗಿ ಕೆಮ್ಮಿ" ಅಂದರು, ಇಂಜೆಕ್ಷನ್ ಕೊಟ್ಟರು, ಸರಿಹೋಯಿತು. ಬಿಪಿ ಅಳೆಯುವ ನರಗಳು ಇರುವುದು ಆ ಕವಲಿನಲ್ಲೇ. ಒತ್ತಿದರೆ ಎದೆ ಬಡಿತ ಇಳಿಯುತ್ತೆ. ಮೊದಲೇ ಯಾರಾದರೂ ಹೇಳಿದ್ದರೆ ಅಷ್ಟು ಗಾಬರಿ ಆಗ್ತಿರಲಿಲ್ಲ, ಅದಕ್ಕೇ ಹೇಳ್ತಿದ್ದೇನೆ.

ಖರ್ಚು: ಸ್ಟೆಂಟ್ ಒಂದು, ಫಿಲ್ಟರ್ ಒಂದು, ಇವೆರಡೇ ಬಿಲ್ಲಿನ ದೊಡ್ಡ ಪಾಲು. ಆಸ್ಪತ್ರೆಯಲ್ಲಿ ಇರುವ ದಿನ ಕಡಿಮೆ, ಗಾಯ ಇಲ್ಲ, ಬೇಗ ಕೆಲಸಕ್ಕೆ ಹೋಗಬಹುದು. ಆದರೆ ಅಲ್ಲಿ ಉಳಿದದ್ದನ್ನು ಸಾಮಾನಿನ ಬೆಲೆ ನುಂಗಿಬಿಡುತ್ತೆ. ಅಂದಾಜು ಪಟ್ಟಿ ಕೇಳುವಾಗ ಸ್ಟೆಂಟ್ ಮತ್ತು ಫಿಲ್ಟರ್ ಎರಡನ್ನೂ ಬೇರೆ ಬೇರೆ ಬರೆದುಕೊಡಿ ಅನ್ನಿ. ನನಗೆ ಮೊದಲು ಕೊಟ್ಟ ಪಟ್ಟಿಯಲ್ಲಿ ಫಿಲ್ಟರ್ ಇರಲೇ ಇಲ್ಲ, ಕೊನೆಯ ಬಿಲ್ಲಿನಲ್ಲಿ ಬಂತು. ವಿಮೆಯವರೂ ಅದೇ ಸಾಲಿನ ಮೇಲೆ ತಕರಾರು ತೆಗೆದರು.

ಇನ್ನೊಂದು, ಸ್ಟೆಂಟ್ ಹಾಕಿದ ಮೇಲೆ ಆಸ್ಪಿರಿನ್ ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಕನಿಷ್ಠ ನಾಲ್ಕು ವಾರ ಬಿಡದೆ ತಗೋಬೇಕು. ನನಗೆ ಇನ್ನೂ ಜಾಸ್ತಿ ದಿನ ಹೇಳಿದ್ದರು. ಅದರ ನಡುವೆ ಹಲ್ಲು ಕೀಳಿಸುವ ಕೆಲಸ ಬಂದು ಮುಂದಕ್ಕೆ ಹಾಕಬೇಕಾಯಿತು. ಅಪ್ಪನಿಗೆ ಕಣ್ಣಿನ ಪೊರೆ, ಹರ್ನಿಯಾ ಅಂತ ಬೇರೆ ಆಪರೇಷನ್ ಏನಾದರೂ ಬಾಕಿ ಇದ್ದರೆ ಮೊದಲೇ ಡಾಕ್ಟರ್ ಕಿವಿಗೆ ಹಾಕಿ.

ಅಮ್ಮನಿಗೆ ಆಪರೇಷನ್ ಮಾಡಿಸಿದವರು:

ಇವರು ಹೇಳಿದ್ದಕ್ಕೆ ಎರಡು ಮಾತು ಸೇರಿಸ್ತೇನೆ. 2010ರ ಕ್ರೆಸ್ಟ್ ಅಧ್ಯಯನದಲ್ಲಿ 2,502 ಜನರಲ್ಲಿ ಆಪರೇಷನ್, ಸ್ಟೆಂಟ್ ಎರಡನ್ನೂ ಹೋಲಿಸಿದರು. ಚಿಕಿತ್ಸೆಯ ಆಸುಪಾಸಿನಲ್ಲಿ ಸ್ಟ್ರೋಕ್ ಸ್ಟೆಂಟಿನಲ್ಲಿ ಶೇ. 4.1, ಆಪರೇಷನ್ನಿನಲ್ಲಿ ಶೇ. 2.3. ಹಾರ್ಟ್ ಅಟ್ಯಾಕ್ ತಲೆಕೆಳಗು: ಸ್ಟೆಂಟಿನಲ್ಲಿ ಶೇ. 1.1, ಆಪರೇಷನ್ನಿನಲ್ಲಿ ಶೇ. 2.3. ನಾಲ್ಕು ವರ್ಷದ ಒಟ್ಟು ಲೆಕ್ಕದಲ್ಲಿ ಎರಡೂ ಹೆಚ್ಚುಕಮ್ಮಿ ಸಮ. ಅದೇ ಅಧ್ಯಯನದ ಖರ್ಚಿನ ಲೆಕ್ಕದಲ್ಲಿ ಮೊದಲ ಆಸ್ಪತ್ರೆ ಬಿಲ್ ಸ್ಟೆಂಟಿಗೇ ಸ್ವಲ್ಪ ಜಾಸ್ತಿ ಬಂತು. ಆಮೇಲಿನ ವರ್ಷದ ಖರ್ಚಿನಲ್ಲಿ ವ್ಯತ್ಯಾಸ ಇರಲಿಲ್ಲ. ಅಂದರೆ ಸ್ಟೆಂಟಿಗೆ ಕೊಡುವ ಹೆಚ್ಚಿನ ದುಡ್ಡು ಹೆಚ್ಚಿನ ರಕ್ಷಣೆಗೆ ಅಲ್ಲ, ಕೊಯ್ಯದೆ ಮುಗಿಸುವ ಅನುಕೂಲಕ್ಕೆ.

ವಯಸ್ಸು ಇಲ್ಲಿ ಮುಖ್ಯ. ಲಕ್ಷಣ ಇದ್ದವರ ಹಲವು ಅಧ್ಯಯನ ಒಟ್ಟು ಮಾಡಿ ನೋಡಿದಾಗ 70 ದಾಟಿದವರಲ್ಲಿ ಸ್ಟೆಂಟಿನ ಆರಂಭದ ಅಪಾಯ ಆಪರೇಷನ್ನಿನ ಸುಮಾರು ಎರಡು ಪಟ್ಟು ಇತ್ತು. ವಯಸ್ಸಾದಂತೆ ಹೃದಯದಿಂದ ಹೊರಡುವ ದೊಡ್ಡ ನಾಳದ ಕಮಾನು ಸುಕ್ಕಾಗಿ, ಗಟ್ಟಿಯಾಗಿ, ತಿರುಚಿಕೊಂಡಿರುತ್ತೆ. ತಂತಿ ಅದನ್ನು ದಾಟುವಾಗಲೇ ಚೂರು ಏಳಬಹುದು. ಈಗ ಕುತ್ತಿಗೆಯ ಬುಡದಲ್ಲೇ ಸಣ್ಣದಾಗಿ ಕೊಯ್ದು, ರಕ್ತವನ್ನು ಸ್ವಲ್ಪ ಹೊತ್ತು ಹಿಂದಕ್ಕೆ ಹರಿಸಿ ಅಲ್ಲಿಂದಲೇ ಸ್ಟೆಂಟ್ ಹಾಕುವ ಟಿಕಾರ್ ಅನ್ನೋ ವಿಧಾನವೂ ಇದೆ. ಕಮಾನು ದಾಟುವ ತಾಪತ್ರಯ ಅದರಲ್ಲಿಲ್ಲ. ಎಲ್ಲ ಕಡೆ ಸಿಗಲ್ಲ.

ಮಾತ್ರೆಯಲ್ಲೇ ಇರುವವರು:

ನನಗೂ ನಿಮ್ಮ ಅಪ್ಪನ ಹಾಗೇ, ಲಕ್ಷಣ ಇಲ್ಲದೆ ಶೇ. 70ರ ಆಸುಪಾಸು. ಆಪರೇಷನ್ ಮಾಡಿಸಿಲ್ಲ. ಆದರೆ ಸುಮ್ನೆ ಕೂತಿದ್ದೇನೆ ಅಂದುಕೊಳ್ಳಬೇಡಿ. ಸಿಗರೇಟು ಬಿಟ್ಟೆ, ಅದೇ ಎಲ್ಲಕ್ಕಿಂತ ಕಷ್ಟದ್ದು. ಹೆಚ್ಚಿನ ಡೋಸಿನ ಸ್ಟ್ಯಾಟಿನ್, ಆಸ್ಪಿರಿನ್, ಎರಡು ಥರ ಬಿಪಿ ಮಾತ್ರೆ. ಕೆಟ್ಟ ಕೊಲೆಸ್ಟ್ರಾಲ್ 70ಕ್ಕಿಂತ ಕೆಳಗೆ, ಮೇಲಿನ ಬಿಪಿ 130ಕ್ಕಿಂತ ಕೆಳಗೆ ಅಂತ ಡಾಕ್ಟರ್ ಗುರಿ ಕೊಟ್ಟಿದ್ದಾರೆ. ಮಾತ್ರೆ ಬರೆದುಕೊಟ್ಟರೆ ಆಗಲ್ಲ, ಆ ಸಂಖ್ಯೆ ಮುಟ್ಟಬೇಕು. ನನಗೆ ಮುಟ್ಟಲು ಡೋಸ್ ಬದಲಾಯಿಸಿ ಇನ್ನೊಂದು ಮಾತ್ರೆ ಸೇರಿಸಬೇಕಾಯಿತು.

ತಿಂಗಳ ಖರ್ಚು ನೋಡಿದರೆ ಬಹಳ ಕಡಿಮೆ, ಕಂಪನಿ ಹೆಸರಿಲ್ಲದ ಜನರಿಕ್ ಮಾತ್ರೆ ಎಲ್ಲದಕ್ಕೂ ಸಿಗುತ್ತೆ. ರಕ್ತ ಪರೀಕ್ಷೆ, ಡಾಪ್ಲರ್ ಸೇರಿಸಿ ವರ್ಷದ ಲೆಕ್ಕ ಹಾಕಿದರೂ ಸ್ಟೆಂಟಿನ ಹತ್ತಿರಕ್ಕೂ ಬರಲ್ಲ.

ಒಂದು ಹೊಸ ವಿಷಯ ನನ್ನ ಡಾಕ್ಟರ್ ಹೇಳಿದರು, ನೀವೂ ಕೇಳಿಸಿಕೊಳ್ಳಬೇಕು. ಲಕ್ಷಣ ಇಲ್ಲದ, ಶೇ. 70ಕ್ಕಿಂತ ಜಾಸ್ತಿ ಇರುವವರ ಮೇಲೆ ಮಾಡಿದ ಕ್ರೆಸ್ಟ್-2 ಅನ್ನೋ ಅಧ್ಯಯನದ ಫಲಿತಾಂಶ 2025ರ ಕೊನೆಗೆ ಬಂತು. ಎಲ್ಲರಿಗೂ ಇವತ್ತಿನ ಕಟ್ಟುನಿಟ್ಟಿನ ಔಷಧ. ನಾಲ್ಕು ವರ್ಷಕ್ಕೆ ಸ್ಟ್ರೋಕ್ (ಅಥವಾ ಆರಂಭದ ದಿನಗಳ ಸಾವು) ಬರೀ ಔಷಧದಲ್ಲಿ ಶೇ. 6, ಸ್ಟೆಂಟ್ ಸೇರಿಸಿದವರಲ್ಲಿ ಶೇ. 2.8. ಆಪರೇಷನ್ ಹೋಲಿಸಿದ ಇನ್ನೊಂದು ಭಾಗದಲ್ಲಿ ಶೇ. 5.3 ಮತ್ತು ಶೇ. 3.7, ಆ ವ್ಯತ್ಯಾಸ ಗಟ್ಟಿಯಾಗಿ ಹೇಳುವಷ್ಟು ದೊಡ್ಡದಲ್ಲ. ಮೇಲೆ ಅವರು ಹೇಳಿದ ಹಾಗೆ ಲೆಕ್ಕ ಹಾಕಿದರೆ, ಒಂದು ಸ್ಟ್ರೋಕ್ ತಪ್ಪಿಸಲು ಮೂವತ್ತಕ್ಕೂ ಹೆಚ್ಚು ಜನಕ್ಕೆ ಸ್ಟೆಂಟ್ ಹಾಕಬೇಕು. ಅಲ್ಲಿ ಸ್ಟೆಂಟ್ ಹಾಕಿದ ಡಾಕ್ಟರುಗಳು ಕೂಡ ಆರಿಸಿ ತೆಗೆದ ಪಳಗಿದ ಕೈಗಳು. ಇದನ್ನೆಲ್ಲ ಕೇಳಿದ ಮೇಲೂ ನಾನು ಸದ್ಯಕ್ಕೆ ಮಾತ್ರೆಯಲ್ಲೇ ಇರ್ತೇನೆ ಅಂದೆ. ಡಾಪ್ಲರಿನಲ್ಲಿ ಬೇಗ ಬೇಗ ಏರುತ್ತಿದೆ ಅಂತ ಕಂಡರೆ ಮತ್ತೆ ಯೋಚಿಸುವ ಮಾತಾಗಿದೆ. ಇನ್ನೊಬ್ಬರು ಇದೇ ಸಂಖ್ಯೆ ನೋಡಿ ಸ್ಟೆಂಟ್ ಬೇಕು ಅಂದರೆ ಅದೂ ತಪ್ಪಲ್ಲ.

ಮಾವನವರನ್ನು ನೋಡಿಕೊಂಡವರು:

ನಮ್ಮ ಮಾವನವರಿಗೆ ಮೊದಲು ಬಂದದ್ದು ಸಣ್ಣದೇ. ಬೆಳಿಗ್ಗೆ ಅರ್ಧ ಗಂಟೆ ಮಾತು ತೊದಲಿ ಸರಿಹೋಯಿತು. ಸರಿಹೋಯ್ತಲ್ಲ ಅಂತ ಅವರೇ ಆಸ್ಪತ್ರೆ ಬೇಡ ಅಂದರು. ಕೆಲವೇ ದಿನದಲ್ಲಿ ದೊಡ್ಡದಾಗಿ ಬಲಭಾಗ ಬಿದ್ದುಹೋಯಿತು. ಆಗ ನೋಡಿದರೆ ನಾಳ ಪೂರ್ತಿ ಮುಚ್ಚಿಹೋಗಿತ್ತು. ಪೂರ್ತಿ ಮುಚ್ಚಿದ ಮೇಲೆ ಆಪರೇಷನ್ನೂ ಇಲ್ಲ, ಸ್ಟೆಂಟೂ ಇಲ್ಲ ಅಂದರು.

ಖರ್ಚಿನ ಮಾತು ಬಂತಲ್ಲ, ಸ್ಟ್ರೋಕಿನ ಖರ್ಚನ್ನೂ ಬರೆದಿಡಿ. ಫಿಸಿಯೋ, ನೋಡಿಕೊಳ್ಳುವವರ ಸಂಬಳ, ಮಲಗಿದಲ್ಲೇ ಇರುವವರಿಗೆ ಬೇಕಾದ ಮಂಚ, ಡಯಾಪರ್, ಕೆಲಸ ಬಿಟ್ಟು ಕೂತ ನನ್ನ ಗಂಡನ ಆದಾಯ. ಇದಕ್ಕೆ ಕೊನೆಯ ಬಿಲ್ ಅಂತ ಒಂದು ಬರಲ್ಲ.

ನಿಮ್ಮ ಅಪ್ಪನಿಗೆ ಯಾವತ್ತಾದರೂ ಎರಡೇ ನಿಮಿಷ ಲಕ್ಷಣ ಬಂದು ಹೋದರೂ ಅವತ್ತೇ ಆಸ್ಪತ್ರೆಗೆ ಓಡಿ. ಆಗ ಅವರು ಬೇರೆ ಗುಂಪಿಗೆ ಸೇರಿದ ಹಾಗೆ. ಎರಡು ವಾರದೊಳಗೆ ಆಪರೇಷನ್ ಆದರೆ ಐದು ಜನರಲ್ಲಿ ಒಬ್ಬರ ಸ್ಟ್ರೋಕ್ ತಪ್ಪುತ್ತೆ, ಮೂರು ತಿಂಗಳು ಕಳೆದ ಮೇಲೆ ಮಾಡಿಸಿದರೆ 125ರಲ್ಲಿ ಒಬ್ಬರದ್ದು. ನರರೋಗದ ಡಾಕ್ಟರ್ ಈ ಮಾತು ಹೇಳಿದಾಗ ನಮಗೆ ಕಾಲ ಮೀರಿತ್ತು. ನಿಮಗೆ ಇನ್ನೂ ಇದೆ.

ಕೇಳಿದವರು:

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಎರಡು ಪ್ರಶ್ನೆ. ಒಂದೇ ಡಾಪ್ಲರ್ ನಂಬಿ ತೀರ್ಮಾನ ಮಾಡಬಹುದಾ? ಮತ್ತೆ, ಒಳ್ಳೆ ಸರ್ಜನ್ ಅಂತ ಗೊತ್ತಾಗುವುದು ಹೇಗೆ?

ಅಮ್ಮನಿಗೆ ಆಪರೇಷನ್ ಮಾಡಿಸಿದವರು:

ಡಾಪ್ಲರ್ ನಾಳದ ಅಗಲವನ್ನು ನೇರವಾಗಿ ಅಳೆಯುವುದಕ್ಕಿಂತ ರಕ್ತ ಹರಿಯುವ ವೇಗವನ್ನು ಜಾಸ್ತಿ ನೆಚ್ಚಿಕೊಂಡಿದೆ. ಕಿರಿದಾದಲ್ಲಿ ರಕ್ತ ಜೋರಾಗಿ ನುಗ್ಗುತ್ತೆ. ರಿಪೋರ್ಟಿನಲ್ಲಿ ಪಿಎಸ್‌ವಿ ಅಂತ ಇರುತ್ತೆ ನೋಡಿ, ಆ ವೇಗದ ಅತಿ ಹೆಚ್ಚಿನ ಮಟ್ಟ. ಅದು ಸೆಕೆಂಡಿಗೆ 125 ಸೆಂಟಿಮೀಟರ್ ದಾಟಿದರೆ ಶೇ. 50, 230 ದಾಟಿದರೆ ಶೇ. 70 ಅಂತ ಸಾಮಾನ್ಯವಾಗಿ ಹಿಡಿಯುತ್ತಾರೆ. ನಾಳ ತಿರುಚಿದ್ದರೆ, ಸುಣ್ಣ ಕಟ್ಟಿದ್ದರೆ, ಮಾಡುವವರ ಕೈ ಪಳಗಿರದಿದ್ದರೆ ಲೆಕ್ಕ ಏರುಪೇರು. ಕೊಯ್ಯುವ ಮಾತು ಬಂದರೆ ಅದಕ್ಕೂ ಮುಂಚೆ ರಕ್ತನಾಳದ ಚಿತ್ರ ತೆಗೆಯುವ ಸ್ಕ್ಯಾನ್, ಸಿಟಿ ಆಂಜಿಯೋ ಅಥವಾ ಎಂಆರ್ ಆಂಜಿಯೋ, ಒಂದು ಮಾಡಿಸಿ. ಸ್ಟೆಂಟಿಗೆ ಕಮಾನು ಹೇಗಿದೆ ಅಂತಲೂ ಅದರಲ್ಲೇ ಕಾಣುತ್ತೆ. ಅಪ್ಪನಿಗೆ ಶುಗರ್ ಇದೆ ಅಂದಿರಿ, ಸಿಟಿಯಲ್ಲಿ ಕೊಡುವ ಬಣ್ಣದ ಔಷಧ ಕಿಡ್ನಿಗೆ ಭಾರ ಆಗಬಹುದು. ಮೊದಲು ಕಿಡ್ನಿಯ ಸ್ಥಿತಿ ತಿಳಿಯುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿ, ಶುಗರಿಗೆ ಮೆಟ್‌ಫಾರ್ಮಿನ್ ತಗೋತಿದ್ದರೆ ಹೇಳಿ.

ಸರ್ಜನ್ ವಿಷಯದಲ್ಲಿ ಸಂಕೋಚ ಬೇಡ. "ಲಕ್ಷಣ ಇಲ್ಲದವರಿಗೆ ನೀವೇ ಮಾಡಿದ್ದರಲ್ಲಿ ಎಷ್ಟು ಜನಕ್ಕೆ ಸ್ಟ್ರೋಕ್ ಅಥವಾ ಸಾವು ಆಗಿದೆ?" ಅಂತ ನೇರವಾಗಿ ಕೇಳಿ. ಲಕ್ಷಣ ಇಲ್ಲದವರಲ್ಲಿ ಶೇ. 3ಕ್ಕಿಂತ, ಇದ್ದವರಲ್ಲಿ ಶೇ. 6ಕ್ಕಿಂತ ಕಡಿಮೆ ಇರಬೇಕು ಅನ್ನೋದು ಎಲ್ಲರೂ ಒಪ್ಪಿದ ಗೆರೆ. ಈ ಅಪಾಯ ಮೊದಲ ಕೆಲವು ದಿನದಲ್ಲೇ ಎದುರಾಗುತ್ತೆ, ಲಾಭ ಸಿಗುವುದು ಆಮೇಲಿನ ವರ್ಷಗಳಲ್ಲಿ. ಹಾಗಾಗಿ ಉಳಿದ ಆರೋಗ್ಯ ಚೆನ್ನಾಗಿದ್ದು ಇನ್ನೂ ಐದು ವರ್ಷವಾದರೂ ಬಾಳುತ್ತಾರೆ ಅನ್ನುವವರಿಗೇ ಇದನ್ನು ಹೇಳುವುದು. ನಮ್ಮ ಸರ್ಜನ್ ಕೇಳಿದ ತಕ್ಷಣ ಪುಸ್ತಕ ತೆರೆದು ತಮ್ಮ ಸಂಖ್ಯೆ ತೋರಿಸಿದರು. ಅದಕ್ಕೂ ಮುಂಚೆ ಹೋದ ಕಡೆ ಒಬ್ಬರು ಬೇರೆ ದೇಶದ ಸಂಖ್ಯೆ ಹೇಳಿ ಮಾತು ಮುಗಿಸಿದ್ದರು.

ಕೇಳಿದವರು:

ಪಿಎಸ್‌ವಿ 248 ಅಂತ ಇದೆ, ಈಗ ಹುಡುಕಿ ನೋಡಿದೆ. ಗಡಿಯ ಹತ್ತಿರವೇ. ಅಪ್ಪ ಮೆಟ್‌ಫಾರ್ಮಿನ್ ತಗೋತಾರೆ. ಕ್ರಿಯಾಟಿನಿನ್‌ಗೆ ನಾಳೆ ರಕ್ತ ಕೊಡುತ್ತೇವೆ, ಅದು ಸರಿ ಇದ್ದರೆ ಈ ವಾರವೇ ಸಿಟಿ ಆಂಜಿಯೋ. ಸ್ಟ್ಯಾಟಿನ್, ಆಸ್ಪಿರಿನ್ ಇವತ್ತೇ ಶುರು ಮಾಡಿ ಅಂತ ಮೂರನೆಯ ಡಾಕ್ಟರ್ ಫೋನಿನಲ್ಲಿ ಹೇಳಿದರು. ಬಲಗಣ್ಣು, ಎಡಗೈ, ಎಡಗಾಲು, ಮಾತು ಅಂತ ಒಂದು ಚೀಟಿ ಬರೆದು ಮನೆಯವರೆಲ್ಲರಿಗೂ ತೋರಿಸಿದ್ದೇನೆ. ಆಂಜಿಯೋ ರಿಪೋರ್ಟ್ ಬಂದ ಮೇಲೆ ಸರ್ಜನ್ ಹತ್ತಿರ ಅವರ ಸಂಖ್ಯೆ ಕೇಳಿಯೇ ಬರುತ್ತೇನೆ.